‘ಯಾತ್ರಿಕನ ಸಂಚಾರ’: ಹೊರೆ ಬಾಗಿಲಲ್ಲೇ ಯಾಕೆ ಬೀಳುವುದಿಲ್ಲ?

ಕರಾವಳಿ ಓದುಗ
ಜಾನ್ ಬನಿಯನ್ ಬರೆದ ರೂಪಕ ಕಥೆ ‘ಯಾತ್ರಿಕನ ಸಂಚಾರ’ದ (1678) ಮೊದಲ ಭಾಗವನ್ನು ಸಭೆಯ ಯುವಕರ ಜೊತೆ ಆರು ವಾರಗಳಲ್ಲಿ ಓದಬೇಕೆಂದಿದೆ. ಎರಡು ತೊಡಕುಗಳಿವೆ. ಇಕ್ಕಟ್ಟಾದ ಬಾಗಿಲು ದಾಟಿದ ಮೇಲೂ ಕಥಾನಾಯಕ ಕ್ರೈಸ್ತನ ಬೆನ್ನಿನ ಪಾಪದ ಹೊರೆ ಹಾಗೇ ಇರುತ್ತದೆ. ಅದು ಬೀಳುವುದು ಮುಂದೆ ಶಿಲುಬೆಯ ಹತ್ತಿರ. ಬಾಗಿಲು ಕ್ರಿಸ್ತನೇ ಆಗಿದ್ದರೆ ಈ ಅಂತರ ಯಾಕೆ? ಇನ್ನೊಂದು, ನಡುವಿನ ಉದ್ದುದ್ದ ಸಂಭಾಷಣೆಗಳನ್ನು ಬಿಟ್ಟು ಕಥೆಯನ್ನಷ್ಟೇ ಓದಿದರೆ ಏನಾದರೂ ನಷ್ಟವಿದೆಯೇ?

ಹಳೇ ಪುಸ್ತಕ
ಲಂಡನ್ನಿನ ಬೋಧಕ ಸ್ಪರ್ಜನ್ ಈ ಪುಸ್ತಕವನ್ನು ಮತ್ತೆ ಮತ್ತೆ ಓದಿದವರು. ಅವರೂ ಇದೇ ಆಕ್ಷೇಪ ಎತ್ತಿದ್ದರು, ಶಿಲುಬೆ ಬಾಗಿಲಲ್ಲೇ ಇರಬೇಕಿತ್ತು ಎಂದು. ಆದರೆ ಅಲ್ಲಿ ನಡೆಯುವುದನ್ನು ನಿಧಾನವಾಗಿ ನೋಡಿ. ಹೊರೆ ಇಳಿಸಲು ಸಹಾಯ ಕೇಳಿದಾಗ ಬಾಗಿಲು ತೆರೆದವನು, ಬಿಡುಗಡೆಯ ಸ್ಥಳ ಬರುವ ತನಕ ಹೊತ್ತು ನಡೆ, ಅಲ್ಲಿ ತಾನಾಗಿ ಬೀಳುತ್ತದೆ ಎನ್ನುತ್ತಾನೆ. ಅಂದರೆ ಒಳಗೆ ಸೇರಿಸಿಕೊಂಡದ್ದು ಮೊದಲು, ಹಗುರಾದದ್ದು ಆಮೇಲೆ. ಶಿಲುಬೆಯ ಬಳಿ ಹೊರೆ ಉರುಳಿ ಸಮಾಧಿಯೊಳಗೆ ಮಾಯವಾಗುತ್ತದೆ. ಆಗ ಮೂವರು ತೇಜಸ್ವಿಗಳು ಬರುತ್ತಾರೆ: ಒಬ್ಬ ಪಾಪಕ್ಷಮೆ ಸಾರುತ್ತಾನೆ, ಇನ್ನೊಬ್ಬ ಚಿಂದಿ ತೆಗೆದು ಹೊಸ ಉಡುಪು ತೊಡಿಸುತ್ತಾನೆ, ಮೂರನೆಯವನು ಹಣೆಗೆ ಗುರುತು ಹಾಕಿ ಮುದ್ರೆಯೊತ್ತಿದ ಸುರುಳಿ ಕೊಡುತ್ತಾನೆ.

ಆ ಸುರುಳಿಯನ್ನು ಹಿಂಬಾಲಿಸಿ. ಕಷ್ಟದ ಗುಡ್ಡದ ಚಪ್ಪರದಲ್ಲಿ ನಿದ್ದೆ ಹೋಗಿ ಅವನು ಅದನ್ನು ಕಳೆದುಕೊಳ್ಳುತ್ತಾನೆ, ಅಳುತ್ತಾ ಹಿಂದಿರುಗಿ ಹುಡುಕುತ್ತಾನೆ. ಆದರೆ ಹೊರೆ ಮತ್ತೆ ಬೆನ್ನೇರುವುದಿಲ್ಲ. ಹೋದದ್ದು ರಕ್ಷಣೆಯಲ್ಲ, ರಕ್ಷಣೆಯ ನಿಶ್ಚಯ. 1666ರ ತನ್ನ ಆತ್ಮಕಥೆಯಲ್ಲಿ ಬನಿಯನ್ ಬರೆದದ್ದೂ ಇಂಥದ್ದೇ ತೊಳಲಾಟ. ಬಾಗಿಲನ್ನೂ ಶಿಲುಬೆಯನ್ನೂ ಬೇರೆಬೇರೆ ಇಟ್ಟದ್ದು ಎಡವಟ್ಟಲ್ಲ, ತಿಳಿದೇ ಮಾಡಿದ್ದು ಎಂದೇ ನನ್ನ ಅಭಿಪ್ರಾಯ.

ಬೆಟ್ಟದ ಹಾದಿ
ಮೂಲದಲ್ಲಿ ಅಧ್ಯಾಯಗಳಿಲ್ಲ, ಹಾಗಾಗಿ ವಾರಗಳ ಗಡಿ ನೀವೇ ಹಾಕಿಕೊಳ್ಳಬೇಕು. ಕ್ರೈಸ್ತ ಹೊರಡುವ ನಾಶಪುರದಿಂದ ಬಾಗಿಲ ತನಕ ಒಂದು ವಾರ, ವ್ಯಾಖ್ಯಾನಿಯ ಮನೆಯಿಂದ ಶಿಲುಬೆಗೆ ಎರಡನೆಯದು, ಕಷ್ಟದ ಗುಡ್ಡ ಮತ್ತು ರಮ್ಯಗೃಹ ಮೂರನೆಯದು, ಪಿಶಾಚ ಅಪೊಲ್ಲ್ಯೋನನ ಕಾಳಗ, ಮರಣಾಂಧಕಾರದ ಕಣಿವೆ, ಸಹಯಾತ್ರಿಕ ವಿಶ್ವಾಸಿಯ ಭೇಟಿ ನಾಲ್ಕು, ಮಾಯಾಸಂತೆಯಿಂದ ಸಂಶಯದ ಕೋಟೆಗೆ ಐದು, ಉಳಿದದ್ದು ಆರು. ಹೆಚ್ಚಿನ ಗುಂಪುಗಳು ಎಡವುವುದು ಎರಡನೇ ವಾರ. ವ್ಯಾಖ್ಯಾನಿಯ ಮನೆಯಲ್ಲಿ ಏಳು ದೃಶ್ಯಗಳಿವೆ; ಏಳನ್ನೂ ಒಂದೇ ಸಲ ಬಿಡಿಸಲು ಹೊರಟರೆ ಶಿಲುಬೆ ಬರುವಷ್ಟರಲ್ಲಿ ಎಲ್ಲರೂ ದಣಿದಿರುತ್ತಾರೆ. ಮೂರು ಸಾಕು: ಧೂಳಿನ ಕೋಣೆ, ಗೋಡೆಯ ಹಿಂದಿನಿಂದ ಎಣ್ಣೆ ಎರೆಯುತ್ತಿರುವ ಬೆಂಕಿ, ಕಬ್ಬಿಣದ ಪಂಜರದ ಮನುಷ್ಯ.

ಅಂಚಿನಲ್ಲಿ ಬೈಬಲ್ ವಚನಗಳಿರುವ ಪ್ರತಿಯನ್ನೇ ಹುಡುಕಿ. ಹೊರೆ ಏನೆಂದು ತಿಳಿಯಲು ಕೀರ್ತನೆ 38:4 ಪಕ್ಕದಲ್ಲೇ ಇದ್ದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಸಂಭಾಷಣೆಗಳಲ್ಲಿ ವಾಚಾಳಿ ಎಂಬ ಪಾತ್ರದ್ದನ್ನು ಬೇಕಾದರೆ ಮೊಟಕುಗೊಳಿಸಿ. ಅಜ್ಞಾನಿ ಎಂಬವನದನ್ನು ಮಾತ್ರ ಮುಟ್ಟಬೇಡಿ. ಅವನು ಬಾಗಿಲಿಂದ ಬಂದವನಲ್ಲ, ಡೊಂಕು ಓಣಿಯಿಂದ ದಾರಿಗೆ ಸೇರಿದವನು. ಕೊನೆಗೆ ದೋಣಿಯಲ್ಲಿ ಸುಲಭವಾಗಿ ನದಿ ದಾಟಿ ಸ್ವರ್ಗೀಯ ಪಟ್ಟಣದ ಬಾಗಿಲಿಗೆ ಬಂದರೂ ತೋರಿಸಲು ಸುರುಳಿಯಿಲ್ಲ, ಅವನನ್ನು ನರಕದ ದಾರಿಗೆ ತಳ್ಳುತ್ತಾರೆ. ಮಾತುಕತೆ ಬಿಟ್ಟು ಇದನ್ನಷ್ಟೇ ಓದಿದರೆ ಸುಮ್ಮನೆ ಕ್ರೌರ್ಯದಂತೆ ಕಾಣುತ್ತದೆ.

ದೇವದಾರು
ವಾಚಾಳಿಯನ್ನು ಮೊಟಕುಗೊಳಿಸುವುದನ್ನು ನಾನು ಒಪ್ಪುವುದಿಲ್ಲ ಸರ್. ಸಭೆಯೊಳಗೇ ಬೆಳೆದ ಯುವಕರಿಗೆ ಬಾಯಲ್ಲಷ್ಟೇ ಇರುವ ಭಕ್ತಿ ಎಂಥದ್ದೆಂದು ತೋರಿಸುವ ಭಾಗ ಅದೇ.

ಐದನೇ ವಾರಕ್ಕೆ ಒಂದು ಮಾತು. ಮಾಯಾಸಂತೆಯಲ್ಲಿ ನಡೆಯುವ ವಿಶ್ವಾಸಿಯ ವಿಚಾರಣೆ ಓದುವ ಮೊದಲು, ಅನುಮತಿಯಿಲ್ಲದೆ ಬೋಧಿಸುವುದನ್ನು ಬಿಡಲೊಪ್ಪದೆ ಬನಿಯನ್ 1660ರಿಂದ 1672ರ ತನಕ ಬೆಡ್‌ಫರ್ಡ್ ಸೆರೆಮನೆಯಲ್ಲಿದ್ದ ಎಂದು ಹೇಳಿಬಿಡಿ. ನ್ಯಾಯಾಧೀಶ ಬೈಬಲಿನ ಅರಸರಾದ ಫರೋಹ, ನೆಬೂಕದ್ನೆಚ್ಚರ, ದಾರ್ಯಾವೆಷರ ಕಾನೂನುಗಳನ್ನು ಆಧಾರವಾಗಿ ಎತ್ತುವುದು ಯಾಕೆಂದು ಆಗ ಹೊಳೆಯುತ್ತದೆ. ಕ್ರೈಸ್ತ ಸೆರೆಯಾಗುವ ಸಂಶಯದ ಕೋಟೆಯಲ್ಲಿ ದಿನಗಳನ್ನು ಎಣಿಸಿಸಿ: ಬುಧವಾರ ಬೆಳಿಗ್ಗೆಯಿಂದ ಶನಿವಾರ ರಾತ್ರಿಯವರೆಗೆ ಅನ್ನ ನೀರಿಲ್ಲ, ನಡುರಾತ್ರಿಯಿಂದ ಪ್ರಾರ್ಥನೆ, ಬೆಳಗಾಗುವ ಮುಂಚೆ ವಾಗ್ದಾನವೆಂಬ ಕೀಲಿಕೈಯ ನೆನಪು. ಆ ದಿನ ಭಾನುವಾರ ಎಂಬುದನ್ನು ಯುವಕರೇ ಕಂಡುಕೊಳ್ಳಲಿ, ನೀವು ಹೇಳಬೇಡಿ. ಆದರೆ ಕೊನೆಯ ಕಬ್ಬಿಣದ ಬಾಗಿಲಿನ ಬೀಗ ಆ ಕೀಲಿಕೈಗೂ ಬಹಳ ಬಿಗಿಯಾಗಿತ್ತು ಎಂಬ ಸಾಲನ್ನು ತಪ್ಪದೆ ಗಟ್ಟಿಯಾಗಿ ಓದಿಸಿ.

ಕರಾವಳಿ ಓದುಗ
ತುಂಬ ಉಪಕಾರವಾಯಿತು. 1684ರ ಎರಡನೇ ಭಾಗವನ್ನೂ ಸೇರಿಸಲೇ?

ಹಳೇ ಪುಸ್ತಕ
ಈ ಆರು ವಾರಗಳಲ್ಲಿ ಬೇಡ. ಅದು ಕ್ರೈಸ್ತನ ಹೆಂಡತಿ, ನಾಲ್ವರು ಗಂಡುಮಕ್ಕಳು, ಜೊತೆಗಾತಿ ಕರುಣೆ ಒಟ್ಟಾಗಿ ನಡೆಯುವ ಯಾತ್ರೆ, ನಡಿಗೆಯೂ ನಿಧಾನ. ಕುಟುಂಬಗಳ ಗುಂಪಿಗೆ ಬೇರೆಯಾಗಿಯೇ ಇಟ್ಟುಕೊಳ್ಳಿ.