ತಮ್ಮ ಕಳಿಸಿದ ವಿಡಿಯೋ, ನಮ್ಮ ಮನೆ ಗಂಜಿ

('ಅಜ್ಜನ ಮನೆ' ಗುಂಪು, ಭಾನುವಾರ ಬೆಳಿಗ್ಗೆ)

ತಮ್ಮ, ಬೆಂಗಳೂರು: ಮೇಲಿನ ವಿಡಿಯೋ ಎಲ್ಲರೂ ಪೂರ್ತಿ ನೋಡಿ. ಅನ್ನ, ತೆಂಗಿನಕಾಯಿ ಎರಡನ್ನೂ ಬಿಟ್ಟು ಕ್ವಿನೋವಾ ಎಂಬ ಕಾಳು, ಓಟ್ಸ್, ಆಲಿವ್ ಎಣ್ಣೆ ಶುರು ಮಾಡಬೇಕಂತೆ. ಅಮ್ಮನಿಗೂ ಮಾವನಿಗೂ ಶುಗರ್ ಇದೆ. ಇನ್ನೂ ಮೂರು ಹೊತ್ತು ಅನ್ನವಾ? ಅಕ್ಕ, ಏನೇನು ಬೇಕು ಹೇಳು, ನಾನು ತರಿಸಿ ಬದಿಯಡ್ಕದ ಮನೆಗೆ ಕಳಿಸುತ್ತೇನೆ.

ಪೆರ್ಲ ಮಾವ: ನಮ್ಮ ಅಜ್ಜ ಗಂಜಿ ಉಂಡೇ ಎಂಬತ್ತೆಂಟು ವರ್ಷ ಬದುಕಿದರು. ಶುಗರ್ ಎಂಬ ಮಾತೇ ಇರಲಿಲ್ಲ. ಕಾಸರಗೋಡಿನಲ್ಲಿ ಇದ್ದುಕೊಂಡು ತೆಂಗು ಬಿಡುವುದು ನನ್ನಿಂದ ಆಗದು.

ಕುಂಬಳೆ ಚಿಕ್ಕಮ್ಮ: ವಿಡಿಯೋದಲ್ಲಿ ತೋರಿಸಿದ ಆ ಕಾಳಿಗೆ ಕಿಲೋಕ್ಕೆ ಎಷ್ಟಂತೆ?

ತಮ್ಮ: ದುಡ್ಡಿನ ವಿಷಯ ಬಿಡಿ ಚಿಕ್ಕಮ್ಮ. ಆರೋಗ್ಯ ಮುಖ್ಯ.

ನಾನು: ತಮ್ಮಾ, ವಿಡಿಯೋ ಎರಡು ಸಲ ನೋಡಿದೆ. ಅಮ್ಮನ ಬಗ್ಗೆ ನಿನಗೆ ಎಷ್ಟು ಚಿಂತೆ ಅಂತ ಗೊತ್ತು. ಆದರೆ ಅಮ್ಮನಿಗೆ ದಿನಾ ಬಡಿಸುವವಳು ನಾನು. ಕಳೆದ ವರ್ಷ ಓಟ್ಸ್ ತಂದಿದ್ದೆ. ಅಮ್ಮ ನಾಲ್ಕು ದಿನ ತಿಂದರು, ಐದನೇ ದಿನ ಬಟ್ಟಲು ದೂಡಿದರು, ಸಂಜೆ ಹಸಿವು ತಡೆಯದೆ ಬಿಸ್ಕೆಟ್ ಪ್ಯಾಕೆಟ್ ಖಾಲಿ ಮಾಡಿದರು.

ಮಾವಾ, ನಿಮ್ಮ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಅಜ್ಜ ಗಂಜಿ ಉಂಡು ಗದ್ದೆಗೆ ಇಳಿಯುತ್ತಿದ್ದರು, ಸಂಜೆ ತೋಟದಲ್ಲಿ ಅಡಿಕೆ ಹಾಳೆಯಿಂದ ನೀರು ಎರಚುತ್ತಿದ್ದರು. ನಾವು ಅಷ್ಟೇ ಗಂಜಿ ಉಂಡು ಟಿವಿ ಮುಂದೆ ಕೂರುತ್ತೇವೆ. ಗಂಜಿ ಜೊತೆ ಆಗ ಏನಿರುತ್ತಿತ್ತು, ನೆನಪು ಮಾಡಿ. ಮಳೆಗಾಲದ ಆಟಿ ತಿಂಗಳಲ್ಲಿ ಚಗತೆ ಸೊಪ್ಪಿನ ಪಲ್ಯ, ಕೆಸುವಿನ ಪತ್ರೊಡೆ, ತೋಡಿನ ಬದಿಯಿಂದ ಕಿತ್ತು ತಂದ ಒಂದೆಲಗದ ತಂಬುಳಿ, ಹುರುಳಿ ಸಾರು, ಬಸಳೆಗೆ ಹಲಸಿನ ಬೀಜ ಹಾಕಿದ ಸಾಂಬಾರು. ಈಗ ಗಂಜಿ ಜೊತೆ ಉಪ್ಪಿನಕಾಯಿ, ಹಪ್ಪಳ, ಆಯಿತು ಊಟ. ಸೊಪ್ಪು ಬಿಡಿಸಲು ಯಾರೂ ಕೂರುವುದಿಲ್ಲ, ಅಲ್ವಾ? ಹೊರಗಿನಿಂದ ತರಿಸುವುದು ಏನೂ ಬೇಡ ತಮ್ಮಾ. ಅನ್ನ ಕಡಿಮೆ, ಪಲ್ಯ ಜಾಸ್ತಿ, ಅಷ್ಟು ಸಾಕು. ಈಗ ಅಮ್ಮನ ಬಟ್ಟಲಿಗೆ ಮೊದಲು ಎರಡು ಸೌಟು ಪಲ್ಯ, ಹುರುಳಿಯೋ ಹೆಸರೋ ಒಂದು ಸೌಟು, ಕೊನೆಗೆ ಒಂದೇ ಸೌಟು ಅನ್ನ ಬಡಿಸುತ್ತೇನೆ. ಮಾತ್ರೆ ನಿಲ್ಲಿಸಿಲ್ಲ, ಅದು ಡಾಕ್ಟರು ಹೇಳಿದ ಹಾಗೆಯೇ ನಡೆಯುತ್ತಿದೆ.

ತಮ್ಮ: ಸರಿ ಅಕ್ಕ, ಆದರೆ ಆ ಒಂದು ಸೌಟಾದರೂ ಯಾಕೆ? ಅನ್ನದಲ್ಲಿ ಇರುವುದು ಬರೀ ಪಿಷ್ಟ.

ಪುಟ್ಟಿ, ಮಂಗಳೂರು: ಬೆಂಗಳೂರು ಮಾವ, ಎಲ್ಲ ಅಕ್ಕಿ ಒಂದೇ ಅಲ್ಲ. ಮೊನ್ನೆಯಷ್ಟೇ ಕ್ಲಾಸಲ್ಲಿ ಈ ಪಾಠ ಆಯಿತು. ಕುಚ್ಚಲಕ್ಕಿಗೆ ಭತ್ತವನ್ನು ಸಿಪ್ಪೆ ಸಮೇತ ನೆನೆಸಿ ಬೇಯಿಸುತ್ತಾರಲ್ಲ, ಆಗ ತೌಡಿನಲ್ಲಿರುವ ಬಿ1 ಜೀವಸತ್ವ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತದೆ. ಹಾಗೆ ಬೇಯಿಸದೆ ಮಾಡುವ ಬೆಳ್ತಿಗೆ ಅಕ್ಕಿ ಪಾಲಿಶ್ ಮಾಡಿದರೆ ಅದು ತೌಡಿನ ಜೊತೆಯೇ ಹೋಗುತ್ತದೆ. ಆ ಕೊರತೆಯಿಂದ ಬರುವ ಕಾಯಿಲೆ ಬೆರಿಬೆರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆಯಲ್ಲ, ಅದು 1918ರಲ್ಲಿ ಕೂನೂರಿನಲ್ಲಿ ಶುರುವಾದದ್ದೇ ಬೆರಿಬೆರಿಯ ಕಾರಣ ಹುಡುಕಲು. ಇನ್ನೊಂದು, ಅನ್ನ ಬಸಿದು ತಿಳಿ ಚೆಲ್ಲಿದರೆ ಬಿ ಜೀವಸತ್ವ ನೀರಿನ ಜೊತೆ ಹೋಗುತ್ತದೆ. ಗಂಜಿಯಲ್ಲಿ ಹಾಗೆ ಹೋಗುವುದಿಲ್ಲ.

ಕುಂಬಳೆ ಚಿಕ್ಕಮ್ಮ: ನಮ್ಮಲ್ಲಿ ತಿಳಿ ದನಕ್ಕೆ ಹೋಗುತ್ತದೆ. ಇನ್ನು ಸಾರಿಗೆ ಹಾಕುತ್ತೇನೆ.

ತಮ್ಮ: ತೆಂಗಿನೆಣ್ಣೆ? ಅದಕ್ಕೆ ಏನು ಹೇಳುತ್ತೀ ಪುಟ್ಟಿ?

ಪುಟ್ಟಿ: ಅದರಲ್ಲಿ ನೀವು ಹೇಳುವುದು ಸರಿ. ತೆಂಗಿನೆಣ್ಣೆಯಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು. ಅದರಿಂದ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಒಗ್ಗರಣೆಗೆ ಒಂದು ಚಮಚ ಸಾಕು. ಹೈದರಾಬಾದಿನ ಅದೇ ಪೋಷಣಾ ಸಂಸ್ಥೆ ಹೇಳುವ ದಿನದ ಲೆಕ್ಕ ಇದು, 2000 ಕ್ಯಾಲೊರಿ ಬೇಕಾದವರಿಗೆ: ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಯಿಸುವ ಮೊದಲಿನ ತೂಕ. ಸೊಪ್ಪು ತರಕಾರಿ 400 ಗ್ರಾಂ. ಬೇಳೆಕಾಳು 85 ಗ್ರಾಂ. ಉಪ್ಪು 5 ಗ್ರಾಂ ದಾಟಬಾರದು. ಹಾಗಾದರೆ ಉಪ್ಪಿನಕಾಯಿ, ಪೆರ್ಲ ಅಜ್ಜ?

ಪೆರ್ಲ ಮಾವ: ಒಂದು ಮಾವಿನ ಮಿಡಿಯೂ ಬೇಡವಾ?

ಪುಟ್ಟಿ: ವಾರಕ್ಕೊಮ್ಮೆ ತಿನ್ನಿ ಅಜ್ಜ. ಊಟ ಆದ ಕೂಡಲೇ ಚಹಾ ಮಾತ್ರ ಬೇಡ, ಸೊಪ್ಪಿನ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟದ ಜೊತೆ ನೆಲ್ಲಿಕಾಯಿ ತಂಬುಳಿ ಇದ್ದರೆ ತುಂಬ ಒಳ್ಳೆಯದು.

ತಮ್ಮ: ಅಕ್ಕ, ಕ್ವಿನೋವಾ ತರಿಸುವುದಿಲ್ಲ. ಆದರೆ ಇಷ್ಟು ಸೊಪ್ಪು ಬಿಡಿಸುವುದು, ಬಾಳೆದಿಂಡು ಕೊರೆಯುವುದು ನಿನ್ನೊಬ್ಬಳ ಕೈಯಲ್ಲಿ ಆಗುತ್ತದಾ?

ನಾನು: ಆಗುವುದಿಲ್ಲ. ಮೊನ್ನೆ ಬಾಳೆದಿಂಡಿಗೆ ಮುಕ್ಕಾಲು ಗಂಟೆ ಹೋಯಿತು. ಸುಮ್ನೆ ಆರೋಗ್ಯದ ವಿಡಿಯೋ ಕಳಿಸುವವರೆಲ್ಲ ವಾರಕ್ಕೊಂದು ದಿನ ಅಡುಗೆ ಮನೆಗೆ ಬಂದು ಕೂರಬೇಕು. ನೀನು ಊರಿಗೆ ಬಂದಾಗಲೂ ಅಷ್ಟೇ.

ತಮ್ಮ: ಬರುತ್ತೇನೆ. ಕೊರೆಯಲು ನೀನೇ ಹೇಳಿಕೊಡು.

(ಮಧ್ಯಾಹ್ನ)

ಪೆರ್ಲ ಮಾವ: ಒಳಮೆಣಸು ತೂಗುವ ತಕ್ಕಡಿಯಲ್ಲಿ ಇವತ್ತಿನ ಅಕ್ಕಿ ತೂಗಿದೆ. ನಾವು ಮನೆಯಲ್ಲಿ ಇಬ್ಬರೇ. 850 ಗ್ರಾಂ ಇದೆ. ಬೆಳಗ್ಗಿನ ದೋಸೆಗೆ ನೆನೆಸಿದ್ದು ಬೇರೆ.

ಪುಟ್ಟಿ: ಅಜ್ಜ, ಇಬ್ಬರಿಗೆ 500 ಗ್ರಾಂ. ದೋಸೆಯೂ ಸೇರಿ. ನಿಮ್ಮ ವಯಸ್ಸಿಗೆ ಅದೂ ಸ್ವಲ್ಪ ಜಾಸ್ತಿಯೇ.

ಪೆರ್ಲ ಮಾವ: ನಿನ್ನ ಅಜ್ಜಿ ಅರ್ಧ ಅಕ್ಕಿ ವಾಪಸ್ ಡಬ್ಬಕ್ಕೆ ಹಾಕಿದಳು. ನಾನು ಹರಿವೆ ಕೊಯ್ಯಲು ತೋಟಕ್ಕೆ ಹೋಗುತ್ತಿದ್ದೇನೆ. ಎಷ್ಟು ಕಟ್ಟು ಬೇಕು ಹೇಳು.