ಕಾಶಿ, ಬೋಧಗಯಾ, ಲುಂಬಿನಿ: ನಾಲ್ಕು ಜನ, ತಲೆಗೆ 15 ಸಾವಿರ. ಹೋಗಿ ಬಂದವರು ಅನುಭವ ಹೇಳಿ

ಕುವೆಂಪುನಗರದ ಹುಡುಗ
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ನಾಲ್ಕು ಜನ ಸ್ನೇಹಿತರು. ಡಿಸೆಂಬರ್ ಕೊನೆಗೆ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಕಾಶಿ, ಸಾರನಾಥ, ಬೋಧಗಯಾ, ಸಾಧ್ಯವಾದರೆ ಕುಶಿನಗರ ಮತ್ತು ಲುಂಬಿನಿ ನೋಡಿ ಬರೋಣ ಅಂತ ಇದ್ದೇವೆ. ತಲೆಗೆ 15,000 ರೂಪಾಯಿ, ಅದಕ್ಕಿಂತ ಜಾಸ್ತಿ ಯಾರ ಹತ್ತಿರವೂ ಇಲ್ಲ. ಮೈಸೂರು–ವಾರಾಣಸಿ ರೈಲಿನಲ್ಲಿ ಸ್ಲೀಪರ್. ಉಳಿಯೋಕೆ ಛತ್ರ ವಾಸಿಯಾ, ಹಾಸ್ಟೆಲ್ಲಾ? ಇಬ್ಬರ ಹತ್ತಿರ ಆಧಾರ್ ಬಿಟ್ಟು ಬೇರೆ ಗುರುತಿನ ಚೀಟಿ ಇಲ್ಲ. ನೇಪಾಳದ ಗಡಿಯಲ್ಲಿ ಅದು ನಡೆಯುತ್ತಾ?

ಗುತ್ತಲು ರೋಡ್ ಮಂಡ್ಯ
ತಮ್ಮಾ, 15 ಸಾವಿರ ಧಾರಾಳ. ನಾನು ಹೋಗಿ ಬಂದಿದ್ದು 9,200ರಲ್ಲಿ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ, ಎಲ್ಲ ಸೇರಿ. ಕಾಶಿಯಲ್ಲಿ ಗೋದೌಲಿಯಾ ಹತ್ತಿರ ಜಂಗಮವಾಡಿ ಮಠದಲ್ಲಿ ಉಳಿದೆವು. ಕಿವಿಗೆ ಕನ್ನಡ ಬಿತ್ತು, ಘಾಟಿಗೆ ನಡೆದೇ ಹೋಗಬಹುದು, ಇನ್ನೇನು ಬೇಕು? ಬೆಳಿಗ್ಗೆ ಕಚೋರಿ–ಸಬ್ಜಿ 30 ರೂಪಾಯಿ. ರಾತ್ರಿಗೆ ಮನೆಯಿಂದ ಒಯ್ದ ಅವಲಕ್ಕಿ, ಪುಳಿಯೋಗರೆ ಗೊಜ್ಜು. ಮಧ್ಯಾಹ್ನ ಹಸಿವಾದರೆ ತಾನೇ!

ದೋಣಿ ವಿಷಯ ಹೇಳಲೇಬೇಕು. ದಶಾಶ್ವಮೇಧ ಘಾಟ್‌ನಲ್ಲಿ ನಾಲ್ಕು ಜನಕ್ಕೆ 2,000 ಅಂದ. ನಾವು ಮೆಟ್ಟಿಲ ಮೇಲೇ ನಡೆದೆವು. ಅವನು ಹಿಂದೆಯೇ ಬಂದ. ಕೇದಾರ ಘಾಟ್ ಹತ್ತಿರ 1,200 ಆಯಿತು, ಹರಿಶ್ಚಂದ್ರ ಘಾಟ್ ದಾಟುವಾಗ 800. ಅಲ್ಲೇ ಮುಂದೆ ಕರ್ನಾಟಕ ಘಾಟ್ ಅಂತ ಬರುತ್ತದೆ, ಹಿಂದೆ ಅದು ಮೈಸೂರು ಘಾಟ್. ಅದರ ಮುಂದೆ ಒಂದು ಫೋಟೋ ತೆಗೆಸಿಕೊಂಡು ಅಸ್ಸಿ ಘಾಟ್ ಮುಟ್ಟಿದರೆ ಜನ ತುಂಬಿಸಿಕೊಂಡು ಹೋಗುವ ಮೋಟಾರ್ ದೋಣಿ, ತಲೆಗೆ 100. ಹತ್ತಿ ಕೂತೆವು.

ಸಾರನಾಥಕ್ಕೆ ಶುಕ್ರವಾರ ಹೋಗಬೇಡಿ, ಮ್ಯೂಸಿಯಂ ರಜ. ನಮ್ಮ ನೋಟಿನ ಮೇಲಿರುವ ನಾಲ್ಕು ಸಿಂಹದ ಅಶೋಕ ಸ್ತಂಭದ ತಲೆ ಇರುವುದು ಅದರೊಳಗೇ. ಟಿಕೆಟ್ 5 ರೂಪಾಯಿ. ಹಾಸ್ಟೆಲ್ ಮಾತ್ರ ಬೇಡ. ಅಟ್ಟದ ಮಂಚಕ್ಕೆ 600 ಕೊಟ್ಟು ಕಂಡವರ ಗಿಟಾರ್ ಕೇಳೋಕೆ ಕಾಶಿಗೆ ಹೋಗಬೇಕಾ?

ಸರಸ್ವತಿಪುರಂ ಅಕ್ಕ
ಡಿಸೆಂಬರ್ ಕೊನೆ ಅಂತ ಓದಿಯೇ ನನಗೆ ಚಳಿ ಬಂತು. ಅಲ್ಲಿ ಮಂಜು ಅಂದರೆ ಚಾಮುಂಡಿಬೆಟ್ಟದ ಮಂಜು ಅಂದುಕೊಂಡಿರಬೇಕು ನೀವು. ನಾವು ಕಾಲೇಜಿನ ಗೆಳತಿಯರು ಹೋಗಿದ್ದೆವು. ಗಯಾಕ್ಕೆ ರೈಲು ಇದ್ದಿದ್ದು ಮೊಘಲ್‌ಸರಾಯ್‌ನಿಂದ, ಈಗ ಅದು ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್. ಕಾಶಿಯಿಂದ ಅಲ್ಲಿಗೆ ಆಟೋ 500. ಸಂಜೆ 6ಕ್ಕೆ ಬರಬೇಕಿದ್ದ ರೈಲು. ಬೋರ್ಡಿನಲ್ಲಿ ಅರ್ಧ ಗಂಟೆಗೊಮ್ಮೆ ಹೊತ್ತು ಅರ್ಧ ಗಂಟೆ ಮುಂದಕ್ಕೆ ಹೋಗುತ್ತಿತ್ತು, ಹಾಗಾಗಿ ಪ್ಲಾಟ್‌ಫಾರಂ ಬಿಟ್ಟು ಎಲ್ಲೂ ಹೋಗುವಂತಿಲ್ಲ. ಕೂತರೆ ಕಲ್ಲು ಬೆಂಚು ಮಂಜುಗಡ್ಡೆ, ನಿಂತರೆ ಕಾಲು ಮರಗಟ್ಟಿತು. ಎದುರಿಗೆ ನಿಂತ ಗಾಡಿಯ ದೀಪವೂ ಕಾಣುತ್ತಿರಲಿಲ್ಲ, ಹಾರ್ನ್ ಮಾತ್ರ ಕೇಳುತ್ತಿತ್ತು. ಬಂದಿದ್ದು ಬೆಳಗಿನ ಜಾವ ನಾಲ್ಕೂವರೆಗೆ.

ಲೆಕ್ಕ ಕೇಳಿ. ಸ್ಟೇಷನ್ ಹೊರಗೆ ಕೊಂಡ ಕಂಬಳಿ 450. ಬೋಧಗಯಾದಲ್ಲಿ ಮುಂಗಡ ಕೊಟ್ಟಿದ್ದ ರೂಮು 1,800, ಪೂರ್ತಿ ಹೋಯಿತು. ಮುಂದಿನ ರೈಲು ತಪ್ಪಿತು, ಅದಕ್ಕೆ ಮತ್ತೆ ತತ್ಕಾಲ್, ತಲೆಗೆ 780. ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾದರೆ, ಹತ್ತದೆ, ಅದು ಹೊರಡುವ ಮೊದಲೇ ಟಿಡಿಆರ್, ಅಂದರೆ ಟಿಕೆಟ್ ಹಣ ವಾಪಸ್ ಕೇಳುವ ಅರ್ಜಿ, ಹಾಕಿದರೆ ಪೂರ್ತಿ ಹಣ ವಾಪಸ್ ಬರುತ್ತದೆ. ನಾನು ರಾತ್ರಿ ಒಂಬತ್ತರಿಂದಲೇ ಹಾಕೋಣ ಅಂತ ಬಡಕೊಂಡೆ. "ಇನ್ನೇನು ಬಂತು ಕಣೇ" ಅಂತ ಒಬ್ಬಳು ಬಿಡಲಿಲ್ಲ. ಅವಳು ಈಗಲೂ ನನ್ನ ಗೆಳತಿಯೇ, ಆದರೆ ಟಿಕೆಟ್ ಬುಕ್ ಮಾಡುವುದು ನಾನು.

ಗುತ್ತಲು ರೋಡ್ ಮಂಡ್ಯ
ಮೇಡಂ, ಕಂಬಳಿ ಮನೆಯಿಂದಲೇ ಒಯ್ದಿದ್ದರೆ 450 ಉಳಿಯುತ್ತಿತ್ತು. ಇಷ್ಟಕ್ಕೆಲ್ಲ ಹೆದರಿಕೊಂಡರೆ ಹೆಂಗೆ?

ಸರಸ್ವತಿಪುರಂ ಅಕ್ಕ
ನೀವು ಹೋಗಿದ್ದು ಯಾವ ತಿಂಗಳು ಸಾರ್?

ಗುತ್ತಲು ರೋಡ್ ಮಂಡ್ಯ
ಅಕ್ಟೋಬರ್. ಅದಕ್ಕೇನೀಗ?

ಸರಸ್ವತಿಪುರಂ ಅಕ್ಕ
ಏನಿಲ್ಲ. ಸುಮ್ನೆ ಕೇಳಿದೆ.

ಅಶೋಕಪುರಂ
ಎಲ್ಲರ ಪ್ಲಾನೂ ಒಂದೇ. ಕಾಶಿಗೆ ನಾಲ್ಕು ದಿನ, ಬೋಧಗಯಾಗೆ ಅರ್ಧ ದಿನ, ಅದೂ ಹೊತ್ತು ಉಳಿದರೆ. ನಾವು ಉಲ್ಟಾ ಮಾಡಿದೆವು. ಮೊದಲು ನಾಗಪುರದಲ್ಲಿ ಇಳಿದು ದೀಕ್ಷಾಭೂಮಿ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದ ಜಾಗ ಅದು. ಅಲ್ಲಿಂದ ನೇರ ಗಯಾ, ಗಯಾದಿಂದ ಬೋಧಗಯಾಗೆ ಶೇರ್ ಆಟೋ.

ಅಲ್ಲಿ ಥಾಯ್ಲೆಂಡ್, ಜಪಾನ್, ಭೂತಾನ್, ಟಿಬೆಟ್, ಎಲ್ಲರದ್ದೂ ವಿಹಾರಗಳಿವೆ. ಕೆಲವು ಕಡೆ ಯಾತ್ರಿಕರಿಗೆ ಕೋಣೆ ಕೊಡುತ್ತಾರೆ. ನಮಗೆ ಇಬ್ಬರಿಗೆ 700ಕ್ಕೆ ಸಿಕ್ಕಿತು. ಡಿಸೆಂಬರ್, ಜನವರಿಯಲ್ಲಿ ಟಿಬೆಟನ್ನರ ದೊಡ್ಡ ಪ್ರಾರ್ಥನಾ ಸಭೆಗಳು ಇರುತ್ತವೆ. ಆಗ 700ರ ಕೋಣೆಗೆ 2,000 ಕೇಳಿದರೂ ಆಶ್ಚರ್ಯ ಇಲ್ಲ. ಮಹಾಬೋಧಿ ದೇವಾಲಯದೊಳಗೆ ಮೊಬೈಲ್ ಬಿಡಲ್ಲ, ಗೇಟಿನ ಹತ್ತಿರ ಕೊಟ್ಟು ಚೀಟಿ ತೆಗೆದುಕೊಳ್ಳಬೇಕು. ಒಳ್ಳೆಯದೇ ಆಯಿತು. ಬೆಳಿಗ್ಗೆ ಐದಕ್ಕೆಲ್ಲ ಬೋಧಿವೃಕ್ಷದ ಸುತ್ತ ಭಿಕ್ಕುಗಳು ಮರದ ಹಲಗೆ ಹಾಸಿಕೊಂಡು, ಅಂಗೈಗೆ ಬಟ್ಟೆ ಸುತ್ತಿಕೊಂಡು, ಸರ್ರನೆ ಜಾರಿ ಉದ್ದಂಡ ನಮಸ್ಕಾರ ಮಾಡುತ್ತಿದ್ದರು. ಹಲಗೆಯ ನಡುವೆ ಪಾಲಿಶ್ ಹಾಕಿದಂತೆ ಹೊಳಪು. ಪಕ್ಕದಲ್ಲಿ ಕೂತಿದ್ದ ಒಬ್ಬರು ನಮ್ಮ ಮಾತು ಕೇಳಿ, "ಮೈಸೂರಾ? ನಾನು ಬೈಲುಕುಪ್ಪೆ" ಅಂದರು.

ಅದನ್ನು ಬಿಟ್ಟು ದೋಣಿಗೆ ಎಷ್ಟು, ಕಚೋರಿಗೆ ಎಷ್ಟು!

ಒಂಟಿಕೊಪ್ಪಲ್ ನಿವಾಸಿ
ಬುದ್ಧನೂ ವಿಷ್ಣುವಿನ ಅವತಾರವೇ ಅಲ್ವಾ, ಅದು ಇದು ಅಂತ ಭೇದ ಯಾಕೆ? ಗಯಾಕ್ಕೆ ಹೋದವರು ವಿಷ್ಣುಪಾದ ದೇವಸ್ಥಾನ ಬಿಟ್ಟು ಬರಬಾರದು. ನಾನು ಹೋಗಿದ್ದು ತಂದೆಯವರ ಪಿಂಡಪ್ರದಾನಕ್ಕೆ, ಜೊತೆಗೆ ನಿವೃತ್ತಿಯಾದ ಮೂವರು ಸ್ನೇಹಿತರು. ಮಾತಾಡಿಕೊಂಡಿದ್ದು 1,100. ಫಲ್ಗು ದಡದಲ್ಲಿ ಕೂತು ದರ್ಭೆ ಹಿಡಿದ ಮೇಲೆ ಲೆಕ್ಕ ಶುರುವಾಯಿತು. ಸಾಮಗ್ರಿಗೆ 850, ಅಕ್ಷಯವಟಕ್ಕೆ ಬೇರೆ 1,500, ದಕ್ಷಿಣೆ ಬೇರೆ, ಸಹಾಯಕನಿಗೆ ಬೇರೆ. ಎದ್ದಾಗ 6,350. ಕೈಯಲ್ಲಿ ಪಿಂಡ ಇಟ್ಟುಕೊಂಡು ಚೌಕಾಸಿ ಮಾಡುವುದು ಹೇಗೆ ಹೇಳಿ? ಇನ್ನೊಂದು ಮಾತು, ಅಯೋಧ್ಯೆ ಯಾಕೆ ಬಿಟ್ಟಿದ್ದೀರಿ? ರಾಮಲಲ್ಲಾನ ಮೂರ್ತಿ ಕೆತ್ತಿದ್ದು ನಮ್ಮ ಮೈಸೂರಿನ ಅರುಣ್ ಯೋಗಿರಾಜ್, ಕಲ್ಲು ನಮ್ಮ ಜಿಲ್ಲೆಯದು.

ಅಶೋಕಪುರಂ
ಸಾರ್, ವಯಸ್ಸಿಗೆ ಗೌರವ ಕೊಟ್ಟೇ ಹೇಳುತ್ತೇನೆ. ಬುದ್ಧ ವಿಷ್ಣುವಿನ ಅವತಾರ ಅಂತ ನಾನು ನಂಬುವುದಿಲ್ಲ ಅನ್ನುವುದು ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂದು. ನಿಮ್ಮ ನಂಬಿಕೆ ನಿಮ್ಮದು. ಭೇದ ಮಾಡಬೇಡಿ ಅಂತ ನಮಗೆ ಹೇಳಬೇಡಿ.

ಗಂಜಾಂ ಶ್ರೀರಂಗಪಟ್ಟಣ
6,350 ಕೊಟ್ಟು ಅಷ್ಟು ದೂರ ಯಾಕೆ ಸಾರ್, ಮೂಗಿನ ತುದಿಯಲ್ಲಿ ಪಶ್ಚಿಮವಾಹಿನಿ ಇಟ್ಟುಕೊಂಡು? ಬಸ್ ಚಾರ್ಜು ಎಷ್ಟು ಆದೀತು?

ಒಂಟಿಕೊಪ್ಪಲ್ ನಿವಾಸಿ
ಗಯಾಶ್ರಾದ್ಧ ಬೇರೆ, ಪಶ್ಚಿಮವಾಹಿನಿ ಬೇರೆ. ಗೊತ್ತಿಲ್ಲದಿದ್ದರೆ ಸುಮ್ಮನಿರಿ. ಬಸ್ ಚಾರ್ಜು ಲೆಕ್ಕ ಹಾಕುವ ವಿಷಯವಾ ಇದು?

ಕುವೆಂಪುನಗರದ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಆಧಾರ್ ನಡೆಯುತ್ತಾ ಅಂತ ಯಾರಾದರೂ ಹೇಳಿ ಪ್ಲೀಸ್.

ನಜರ್‌ಬಾದ್ ಜೋಳಿಗೆ
ರೂಮು, ಮಂಜು, ಅವತಾರ ಎಲ್ಲ ಆಮೇಲೆ. ಜೊತೆಗೆ ಯಾರು ಬರುತ್ತಾರೆ ನೋಡಿಕೊಳ್ಳಿ. ನಾವು ನಾಲ್ಕು ಜನ ಇದೇ ದಾರಿಯಲ್ಲಿ ಹೋದೆವು. ತಲೆಗೆ 5,000 ಒಟ್ಟು ಹಾಕಿ ಲೆಕ್ಕ ನನ್ನ ಕೈಗೆ ಕೊಟ್ಟರು. ಆ ನೋಟ್‌ಬುಕ್ ಈಗಲೂ ಬೀರುವಿನಲ್ಲಿದೆ. ನಮ್ಮಲ್ಲೊಬ್ಬ ಮದ್ದೂರಿನವನು. ಮಣಿಕರ್ಣಿಕಾ ಘಾಟ್‌ನಲ್ಲಿ ಯಾರೋ ಬಂದು, "ಬಡವರ ಚಿತೆಗೆ ಸೌದೆ ಕೊಡಿಸಿ, ಕೆಜಿಗೆ ಇಷ್ಟು" ಅಂತ ಶುರು ಮಾಡಿದ. ಆ ಘಾಟ್‌ನಲ್ಲಿ ಇದು ದಿನಾ ನಡೆಯುವ ಆಟ. ನಾನು ಕಣ್ಸನ್ನೆ ಮಾಡುತ್ತಲೇ ಇದ್ದೆ. ಈ ಪುಣ್ಯಾತ್ಮ ಒಟ್ಟು ಹಣದಿಂದ 1,500 ತೆಗೆದು ಕೊಟ್ಟ.

ಆಮೇಲೆ ಗೋರಖ್‌ಪುರ. ಅಲ್ಲಿಂದ ಕುಶಿನಗರ ಐವತ್ತು ಕಿಲೋಮೀಟರ್ ಚಿಲ್ಲರೆ, ನೋಡಿ ಬಂದು ಮಾರನೇ ದಿನ ಸುನೌಲಿ ಗಡಿಗೆ ಹೊರಡಬೇಕು. ಬೆಳಿಗ್ಗೆ ಎದ್ದು ನೋಡಿದರೆ ಅವನ ಬ್ಯಾಗ್ ಪ್ಯಾಕ್! ಜ್ವರವಂತೆ. ಥರ್ಡ್ ಎಸಿ ತತ್ಕಾಲ್ ಆಗಲೇ ಆಗಿದೆ. ಲುಂಬಿನಿ ರೂಮಿಗೆ 2,400 ಕೊಟ್ಟಾಗಿತ್ತು, ಜೀಪಿಗೆ 3,600. ಅವನ ಪಾಲು 600 ಮತ್ತು 900. ಸೌದೆ 1,500. ಒಟ್ಟು 3,000. ಅವನ ಹಣದಲ್ಲಿ ಉಳಿದಿದ್ದ 660 ಕಳೆದರೆ 2,340. ಇವತ್ತಿನವರೆಗೂ ಬಂದಿಲ್ಲ.

ಮದ್ದೂರು ಪ್ಯಾಸೆಂಜರ್
ಆ ಮದ್ದೂರಿನವನು ನಾನೇ. ಜ್ವರವಂತೆ ಅಲ್ಲ ಮಗಾ, ಜ್ವರ. 102 ಇತ್ತು. ಗೋರಖ್‌ಪುರದ ರೈಲಿನಲ್ಲಿ ಆರ್‌ಎಸಿ ಸೀಟು ಇಬ್ಬರಿಗೂ ಸೇರಿ ಒಂದೇ ಬರ್ತ್, ಕಿಟಕಿ ಕಡೆ ತಲೆ ಹಾಕಿದ್ದು ನಾನು, ಗಾಜು ಮುಚ್ಚುತ್ತಿರಲಿಲ್ಲ. ನೀನು ಪೂರ್ತಿ ಶಾಲು ಎಳೆದುಕೊಂಡು ಗೊರಕೆ ಹೊಡೆದೆ.

ನಿನ್ನ ನೋಟ್‌ಬುಕ್‌ನಲ್ಲಿ ಇಲ್ಲದ್ದು ನಾನು ಹೇಳಲಾ? ವಿಶ್ವನಾಥನ ದರ್ಶನಕ್ಕೆ ಮೊಬೈಲ್ ಇಡಬೇಕಿತ್ತು. "ಲಾಕರ್ ಫ್ರೀ" ಅಂತ ಒಬ್ಬ ಅಂಗಡಿಗೆ ಕರೆದ. ಫೋನು ಒಳಗೆ ಹೋದ ಮೇಲೆ ಹೂವು, ಪೇಡಾ ಬುಟ್ಟಿ ತಗೊಳ್ಳಲೇಬೇಕು ಅಂದ. ಆ 500 ಕೊಟ್ಟಿದ್ದು ನನ್ನ ಸ್ವಂತ ಜೇಬಿನಿಂದ. ಊರಿಂದ 40 ಮದ್ದೂರು ವಡೆ ತಂದಿದ್ದು ಯಾರು? ಇಟಾರ್ಸಿ ಬರೋ ಹೊತ್ತಿಗೆ ಡಬ್ಬಿ ಖಾಲಿ ಮಾಡಿದ್ದು ಯಾರು?

ನಜರ್‌ಬಾದ್ ಜೋಳಿಗೆ
500ರಲ್ಲಿ ನಿನ್ನ ಪಾಲೂ 125 ಇದೆ. 375 ಕಳೆಯುತ್ತೇನೆ, ಆಯ್ತಾ? 1,965. ಹಣ ಹಾಳಾಗಲಿ, ನೀನು ಕಳೆದುಕೊಂಡಿದ್ದು ಲುಂಬಿನಿ. ಬಾಡಿಗೆ ಸೈಕಲ್ ತಗೊಂಡು ಇಡೀ ದಿನ ಸುತ್ತಿದೆವು. ನಡುವೆ ನೀರಿನ ಕಾಲುವೆ, ಒಂದು ಕಡೆ ಥೇರವಾದದವರ ವಿಹಾರಗಳು, ಇನ್ನೊಂದು ಕಡೆ ಮಹಾಯಾನದವರದ್ದು. ಅಶೋಕ ನೆಡಿಸಿದ ಕಂಬ, ಬುದ್ಧ ಇಲ್ಲೇ ಹುಟ್ಟಿದ ಅಂತ ಬ್ರಾಹ್ಮಿ ಲಿಪಿಯಲ್ಲಿ ಬರೆಸಿದ್ದು, ಕೈಯಳತೆಯಲ್ಲಿ ನಿಂತಿದೆ. ನಮ್ಮ 100 ರೂಪಾಯಿಗೆ ಅಲ್ಲಿಯ 160. ಮೂರು ಜನವೂ ಹೊಟ್ಟೆ ತುಂಬ ಊಟ ಮಾಡಿದ್ದು ಇಡೀ ಪ್ರವಾಸದಲ್ಲಿ ಅಲ್ಲೇ.

ಸರಸ್ವತಿಪುರಂ ಅಕ್ಕ
ಪಾಪ ಆ ಹುಡುಗ ಎರಡು ಸಲ ಕೇಳಿದ. ಆಧಾರ್ ನಡೆಯಲ್ಲ ತಮ್ಮಾ. ವೋಟರ್ ಕಾರ್ಡ್ ಇಲ್ಲವೇ ಪಾಸ್‌ಪೋರ್ಟ್ ಬೇಕು. ರೈಲಿನ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯುತ್ತದೆ, 120 ಅಲ್ಲ. ವಾರಾಣಸಿ ರೈಲು ದಿನಾ ಇಲ್ಲ, ವಾರಕ್ಕೆ ಎರಡೇ ಸಲ.

ಗುತ್ತಲು ರೋಡ್ ಮಂಡ್ಯ
ಗಡಿಯಲ್ಲಿ ಯಾರೂ ಏನೂ ಕೇಳಲ್ಲ. ಸುಮ್ನೆ ಹೆದರಿಸಬೇಡಿ.

ಸರಸ್ವತಿಪುರಂ ಅಕ್ಕ
ನೀವು ನೇಪಾಳಕ್ಕೆ ಹೋಗಿದ್ದೀರಾ?

ಗುತ್ತಲು ರೋಡ್ ಮಂಡ್ಯ
ನಮ್ಮ ಷಡ್ಡಕ ಹೋಗಿದ್ದ.

ಅಶೋಕಪುರಂ
ಅಕ್ಟೋಬರ್‌ನಲ್ಲೇ ಇರಬೇಕು.

ಮದ್ದೂರು ಪ್ಯಾಸೆಂಜರ್
1,965 ಅಲ್ಲ. ಸೌದೆ ದುಡ್ಡು ನಾಲ್ಕು ಜನದ ಹೆಸರಿನಲ್ಲಿ ಕೊಟ್ಟಿದ್ದು. ಪುಣ್ಯ ಬಂದಿದ್ದರೆ ನಿನಗೂ ಬಂದಿದೆ, 375 ನೀನೂ ಹಾಕು. ವಡೆ ಲೆಕ್ಕ ಬೇರೆ.

ನಜರ್‌ಬಾದ್ ಜೋಳಿಗೆ
ಮೋಸಕ್ಕೆ ಬಿದ್ದ ದುಡ್ಡಿನಲ್ಲಿ ಯಾವ ಪುಣ್ಯ? ನೋಟ್‌ಬುಕ್ ಫೋಟೋ ತೆಗೆದು ಹಾಕ್ತೀನಿ ಈಗಲೇ. ಎಲ್ಲರೂ ನೋಡಲಿ.

ಗುತ್ತಲು ರೋಡ್ ಮಂಡ್ಯ
ಮದ್ದೂರಿನವರೇ, ವಡೆ ಒಂದಕ್ಕೆ ಎಷ್ಟು ಕೊಟ್ಟಿರಿ?

ಮದ್ದೂರು ಪ್ಯಾಸೆಂಜರ್
20.

ಗುತ್ತಲು ರೋಡ್ ಮಂಡ್ಯ
40 ವಡೆ ಒಟ್ಟಿಗೆ ತಗೊಂಡೂ 20ಆ? ಜಾಸ್ತಿ ಆಯ್ತು.