ನಕ್ಷೆಯಲ್ಲಿ ನಮ್ಮ ಮನೆ ‘ರಿಸೆಪ್ಟರ್ 14’ ಅಂತಿದೆ. ಎರಡನೇ ಸಭೆಯಲ್ಲಿ ಏನು ಕೇಳಬೇಕು?

ಬದುವಿನ ಪಕ್ಕ (ಪ್ರಶ್ನೆ)

ಮೊದಲೇ ಹೇಳಿಬಿಡುತ್ತೇನೆ, ನಾನು ಗಾಳಿ ಕರೆಂಟಿನ ವಿರೋಧಿ ಅಲ್ಲ. ನಮ್ಮ ಮನೆ ಮೇಲೆ ಸೋಲಾರ್ ಕೂತು ಆರು ವರ್ಷ ಆಯಿತು. ಕಲ್ಲಿದ್ದಲು ಸುಟ್ಟರೆ ಏನಾಗುತ್ತದೆ ಅಂತ ಪಾಠ ಮಾಡಲು ಬರಬೇಡಿ, ಗೊತ್ತಿದೆ.

ಊರಿನ ಪೂರ್ವಕ್ಕಿರುವ ದಿಬ್ಬದ ಮೇಲೆ 18 ಗಾಳಿಯಂತ್ರ ಬರುತ್ತವಂತೆ. ನಮಗೆ ಗೊತ್ತಾಗಿದ್ದು ಹೇಗೆ ಅಂದರೆ, ಒಂದು ದಿನ ಬೆಳಗ್ಗೆ ನೋಡಿದರೆ ಬದುವಿನ ಪಕ್ಕದಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟ ನಿಂತಿತ್ತು. ಯಾರು ನೆಟ್ಟಿದ್ದು ಅಂತ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ತಿಳಿಯಿತು, ಏಳೆಂಟು ಮನೆಯವರು ಕಂಪನಿಗೆ ಜಾಗ ಬಾಡಿಗೆಗೆ ಕೊಡಲು ಆಗಲೇ ಸಹಿ ಹಾಕಿದ್ದಾರೆ. ಅವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ಇರುವುದು ಆ ಬದು ಅಷ್ಟೇ. ಗೂಟ ಬಂದ ದಿನದಿಂದ ಮಾತಿಲ್ಲ.

ಕಳೆದ ವಾರ ಕಂಪನಿಯವರು ಸಭೆ ಕರೆದಿದ್ದರು. ಪರದೆ ಮೇಲೆ ಹಸಿರು ಗುಡ್ಡ, ಬಿಳಿ ಯಂತ್ರ, ಕೈಬೀಸುವ ಮಕ್ಕಳು. ನಾನು ಎದ್ದು, “ದಿಬ್ಬ ನಮಗೆ ಪೂರ್ವಕ್ಕಿದೆ, ಬೆಳಗ್ಗೆ ರೆಕ್ಕೆಯ ನೆರಳು ಮನೆ ಮೇಲೆ ಬೀಳಲ್ವಾ?” ಅಂತ ಕೇಳಿದೆ. “ಎಲ್ಲಾ ನಿಯಮದ ಒಳಗೇ ಇದೆ ಮೇಡಂ” ಅಂದರು. ನಿಯಮ ಎಷ್ಟು, ನಮಗೆ ಬೀಳುವುದು ಎಷ್ಟು ಅಂದರೆ ಉತ್ತರ ಇಲ್ಲ.

ಹೊರಡುವಾಗ ಗೋಡೆಗೆ ಅಂಟಿಸಿದ್ದ ನಕ್ಷೆ ನೋಡಿದೆ. ನಮ್ಮ ಮನೆ ಇದ್ದ ಕಡೆ ಉಗುರಿನಷ್ಟು ಚೌಕ, ಪಕ್ಕದಲ್ಲಿ ‘ಆರ್ 14’. ಏನಿದು ಅಂತ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ “ರಿಸೆಪ್ಟರ್ ಮೇಡಂ” ಅಂದ. ಅಜ್ಜಿ ಬಾಳಿ ಹೋದ ಮನೆಗೆ ಇಟ್ಟ ಹೆಸರು ನೋಡಿ!

ಮುಂದಿನ ತಿಂಗಳು ಎರಡನೇ ಸಭೆ. ಸುಮ್ನೆ ಕೂಗಾಡಿ ಬರಲು ಇಷ್ಟವಿಲ್ಲ. ತಿಳಿದವರು ಹೇಳಿ, ಏನು ಕೇಳಲಿ?

ನೇರ ಮಾತು

ಎಲ್ಲರಿಗೂ ಕರೆಂಟು ಬೇಕು, ಕಂಬ ಮಾತ್ರ ಪಕ್ಕದೂರಲ್ಲಿರಬೇಕು. ಬೆಳಗ್ಗೆ ಹತ್ತು ನಿಮಿಷ ನೆರಳು ಬಿದ್ದರೆ ಪರದೆ ಎಳೆದುಕೊಳ್ಳಿ, ಮುಗೀತು.

ಹಳೇ ಸರ್ವೇಯರ್

ನೇರ ಮಾತು ಅವರೇ, ಓಡುವ ಫ್ಯಾನಿನ ಮೇಲೆ ಬಲ್ಬು ಹಾಕಿಕೊಂಡು, ಕೆಳಗೆ ಕೂತು ಅರ್ಧ ಗಂಟೆ ಪುಸ್ತಕ ಓದಿ ನೋಡಿ. ಆಮೇಲೆ ಪರದೆ ಮಾತಾಡೋಣ.

ಮೇಡಂ, ನಾನು ಒಂಬತ್ತು ವರ್ಷ ಇಂಥ ಯೋಜನೆಗಳಿಗೆ ಜಾಗ ಅಳೆದವನು. ಆ ಗೂಟ ನೆಟ್ಟವರ ಕಡೆಯವನೇ ಅನ್ನಿ. ‘ಆರ್ 14’ ನೋಡಿ ಬೇಜಾರು ಮಾಡಿಕೊಳ್ಳಬೇಡಿ. ರಿಸೆಪ್ಟರ್ ಅಂದರೆ ನೆರಳು, ಸದ್ದು ಬಂದು ತಲುಪುವ ಜಾಗ, ಅಷ್ಟೇ. ಆ ನಂಬರ್ ನಿಮ್ಮ ಕೈಗೆ ಸಿಕ್ಕ ಕೀಲಿ. ಮನೆಗೆ ಆ ನಂಬರ್ ಬಿದ್ದಿದೆ ಅಂದರೆ ಅದರ ಮೇಲೆ ಎಷ್ಟು ನೆರಳು, ಎಷ್ಟು ಸದ್ದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಆಗಿದೆ. ಲೆಕ್ಕ ಇಲ್ಲದ ಮನೆಗೆ ಸಾಮಾನ್ಯವಾಗಿ ನಂಬರ್ ಕೊಡುವುದಿಲ್ಲ. ಆ ವರದಿಯ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ. ಸಭೆವರೆಗೂ ಕಾಯಬೇಡಿ, ಈಗಲೇ ಬರವಣಿಗೆಯಲ್ಲಿ ಕೇಳಿ: “ಆರ್ 14ರ ಸಾಲು ಕೊಡಿ.” ಬಾಯಲ್ಲಿ ಕೇಳಿದರೆ ಹಸಿರು ಗುಡ್ಡ ತೋರಿಸುತ್ತಾರೆ.

ನೆರಳಿಗೆ ಎರಡು ಲೆಕ್ಕ ಇರುತ್ತದೆ. ವರ್ಷವಿಡೀ ಮೋಡವೇ ಇಲ್ಲ, ಯಂತ್ರ ನಿಲ್ಲುವುದೇ ಇಲ್ಲ ಅಂದುಕೊಂಡು ಹಾಕಿದ್ದು ಒಂದು. ಮೋಡ, ಗಾಳಿಯ ದಿಕ್ಕು ಎಲ್ಲಾ ಕಳೆದು ಹಾಕಿದ್ದು ಇನ್ನೊಂದು. ಎರಡನೆಯದು ಯಾವಾಗಲೂ ಚಿಕ್ಕದು. ಸಭೆಯಲ್ಲಿ ಹೇಳುವುದು ಅದನ್ನೇ. ನೀವು ಎರಡನ್ನೂ ಕೇಳಿ. ಜರ್ಮನಿಯಲ್ಲಿ ಮೊದಲ ಲೆಕ್ಕಕ್ಕೆ ವರ್ಷಕ್ಕೆ 30 ಗಂಟೆ, ದಿನಕ್ಕೆ 30 ನಿಮಿಷ ಅಂತ ಮಿತಿ ಇಟ್ಟಿದ್ದಾರೆ. ಬೇರೆ ಕಡೆಯವರೂ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಮಿತಿ ದಾಟಿದರೆ ಆ ಹೊತ್ತಿಗೆ ಯಂತ್ರ ತಾನಾಗಿ ನಿಲ್ಲುವ ಹಾಗೆ ಮಾಡಬಹುದು. ಸೂರ್ಯ ಯಾವತ್ತು ಎಲ್ಲಿರುತ್ತಾನೆ ಅಂತ ಮೊದಲೇ ಗೊತ್ತಲ್ವಾ, ಕಷ್ಟದ ಕೆಲಸ ಅಲ್ಲ. ಕಂಪನಿಗೆ ಸ್ವಲ್ಪ ಯೂನಿಟ್ ಕಡಿಮೆಯಾಗುತ್ತದೆ, ಅದಕ್ಕೇ ಕೇಳದೆ ಕೊಡುವುದಿಲ್ಲ.

ಸದ್ದಿನ ವಿಷಯದಲ್ಲಿ ಹಗಲು ಹೋಗಿ ಕೇಳಿಬಂದವರನ್ನು ನಂಬಬೇಡಿ. ರಾತ್ರಿ ನೆಲದ ಹತ್ತಿರ ಗಾಳಿ ಬಿದ್ದುಹೋಗಿ ಎಲೆ ಕೂಡ ಅಲುಗುತ್ತಿರುವುದಿಲ್ಲ, ನೂರು ಮೀಟರ್ ಮೇಲೆ ಮಾತ್ರ ಜೋರಾಗಿ ಬೀಸುತ್ತಿರುತ್ತದೆ. ಆಗ ರೆಕ್ಕೆ ಕೆಳಗಿಳಿದಾಗೊಮ್ಮೆ ‘ವುಶ್, ವುಶ್’ ಅಂತ ಒಂದೇ ತಾಳ. ಸರಾಸರಿ ಡೆಸಿಬಲ್‌ನಲ್ಲಿ ಆ ತಾಳ ಕಾಣುವುದೇ ಇಲ್ಲ. ನಾನೂ ಮೊದಲು ನಂಬಿರಲಿಲ್ಲ. ಒಂದು ರಾತ್ರಿ ಅಂಥ ಮನೆಯಲ್ಲಿ ಮಲಗಿದ ಮೇಲೆ ಗೊತ್ತಾಯಿತು. ಸದ್ದು ದೊಡ್ಡದಲ್ಲ. ಮುಂದಿನದಕ್ಕೆ ಕಿವಿ ಕಾಯುತ್ತದೆ, ಅದು ಕಷ್ಟ.

ಇನ್ನೊಂದು, ಅವಧಿ ಮುಗಿದ ಮೇಲೆ ಬಿಚ್ಚುವ ಖರ್ಚಿನ ಠೇವಣಿ ಎಲ್ಲಿದೆ ಅಂತ ಕೇಳಿ. ತಳಪಾಯದ ಕಾಂಕ್ರೀಟನ್ನು ಎಷ್ಟೋ ಕಡೆ ಮೇಲಿನ ಒಂದು ಮೀಟರ್ ಒಡೆದು ಮಣ್ಣು ಮುಚ್ಚುತ್ತಾರೆ, ಕೆಳಗಿನದು ಅಲ್ಲೇ ಉಳಿಯುತ್ತದೆ.

ಮರಳಿ ಮಣ್ಣಿಗೆ

ಎಲ್ಲರೂ ಜಮೀನಿದ್ದವರ ಮಾತೇ ಆಡುತ್ತಿದ್ದೀರಿ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ 5% ಬಾಡಿಗೆ ಏರಿಕೆ. ಒಳ್ಳೆಯ ಏರ್ಪಾಡೇ, ಇಲ್ಲ ಅನ್ನಲ್ಲ. ಆದರೆ ಬಾಡಿಗೆ ಬರುವುದು ಪತ್ರದಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ? ಅವರು ನಿಮ್ಮ ಸಭೆಗೆ ಬಂದಿದ್ದರಾ ಅಕ್ಕ?

ಕಾನೂನು ಗೆದ್ದರೂ ತಡವಾದರೆ ಏನು ಬಂತು ಅನ್ನುವುದಕ್ಕೆ ನಾರ್ವೆಯ ಫೋಸೆನ್ ಗಾಳಿಯಂತ್ರ ಯೋಜನೆ ಇದೆ. ಹಿಮಸಾರಂಗ ಸಾಕುವ ಸಾಮಿ ಜನರ ಹಕ್ಕಿಗೆ ಧಕ್ಕೆಯಾಗಿದೆ, ಪರವಾನಗಿ ಅಸಿಂಧು ಅಂತ 2021ರ ಅಕ್ಟೋಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರಲ್ಲಿ 151 ಯಂತ್ರ ನಿಂತು ತಿರುಗುತ್ತಿದ್ದವು. ತೀರ್ಪಿನ ನಂತರವೂ ತಿರುಗಿದವು. ಕೊನೆಗೆ ಪರಿಹಾರದ ಒಪ್ಪಂದ ಆಯಿತು. ಹಾಗಾಗಿ ಗೂಟ ಇರುವಾಗಲೇ ಕೇಳಿ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಕೋಪನ್‌ಹೇಗನ್ ಎದುರಿನ ಸಮುದ್ರದಲ್ಲಿ ಮಿಡ್ಡಲ್‌ಗ್ರುಂಡನ್ ಅಂತ ಗಾಳಿಯಂತ್ರಗಳ ಸಾಲು 2000ದಲ್ಲಿ ಕಟ್ಟಿದ್ದಾರೆ. ಮೊದಲ ಯೋಜನೆ ಮೂರು ಸಾಲಿನಲ್ಲಿ 27 ಯಂತ್ರ. ಜನರ ಆಕ್ಷೇಪ ಕೇಳಿದ ಮೇಲೆ ಒಂದೇ ಬಾಗಿದ ಸಾಲಿನಲ್ಲಿ 20 ಆಯಿತು. ಅದರಲ್ಲಿ ಅರ್ಧ, ಎಂಟು ಸಾವಿರಕ್ಕೂ ಜಾಸ್ತಿ ಜನ ಸೇರಿ ಮಾಡಿಕೊಂಡ ಸಹಕಾರ ಸಂಘದ್ದು. ಪಾಲು ಕೇಳಿ ಅಕ್ಕ, ಬರೀ ಪರಿಹಾರ ಅಲ್ಲ.

ನೇರ ಮಾತು

ಫ್ಯಾನ್ ಕೆಳಗೆ ಓದಿ ನೋಡಿದೆ. ಎಂಟು ನಿಮಿಷ. ಮಾತು ವಾಪಸ್.

ಬದುವಿನ ಪಕ್ಕ

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಬಂದು ಹೇಳಬೇಕಲ್ಲ.

ಬರೆದು ಕೊಟ್ಟೆ, ಎರಡು ಸಲ ನೆನಪಿಸಿದೆ, ಪಟ್ಟಿ ಬಂತು. ಆರ್ 14ರ ಸಾಲಿನಲ್ಲಿ ವರ್ಷಕ್ಕೆ 41 ಗಂಟೆ, ದಿನಕ್ಕೆ ಹೆಚ್ಚೆಂದರೆ 38 ನಿಮಿಷ ಅಂತಿದೆ. ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ 9 ಗಂಟೆ ಅಂತ ಇನ್ನೊಂದು ಲೆಕ್ಕ. ಸರ್ವೇಯರ್ ಸರ್ ಹೇಳಿದ್ದು ಸರಿ. ಯಂತ್ರ ನಿಲ್ಲಿಸುವ ಏರ್ಪಾಡು ಬರವಣಿಗೆಯಲ್ಲಿ ಕೊಡಿ ಅಂತ ಈಗ ಇನ್ನೊಂದು ಪತ್ರ ಹಾಕಿದ್ದೇನೆ. ಕೂಲಿಯವರು ಸಭೆಗೆ ಬಂದಿರಲಿಲ್ಲ, ನಾನೂ ಕರೆದಿರಲಿಲ್ಲ. ಈ ಸಲ ನಾಲ್ಕು ಜನ ಬರುತ್ತೇವೆ ಅಂದಿದ್ದಾರೆ.

ಆದರೆ ನಾನು ಬಂದಿದ್ದು ಬೇರೆ ಮಾತಿಗೆ. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದೆ. ದೊಡ್ಡಪ್ಪನ ಮನೆಯೇ ಇಲ್ಲ. ದಿಬ್ಬಕ್ಕೆ ನಮಗಿಂತ ಹತ್ತಿರ ಇರುವುದು ಅವರ ಮನೆ! ಸಹಿ ಹಾಕಿದ ಉಳಿದವರ ಮನೆಗಳೂ ಇಲ್ಲ. ಕಂಪನಿಯ ಹುಡುಗನಿಗೆ ಫೋನ್ ಮಾಡಿದರೆ, “ಅವರದ್ದು ಅಗ್ರಿಮೆಂಟ್ ಆಗಿದೆಯಲ್ಲ ಮೇಡಂ, ಲೆಕ್ಕಕ್ಕೆ ಬರಲ್ಲ” ಅಂದ.

ನಿನ್ನೆ ಸಂಜೆ ಪಟ್ಟಿ ಹಿಡಿದುಕೊಂಡು ಬದು ದಾಟಿ ಹೋದೆ. ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. ನನ್ನ ಮುಖ ನೋಡಲಿಲ್ಲ, ಕಾಗದ ನೋಡಿದರು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಅಗ್ರಿಮೆಂಟ್ ತಂದು ನನ್ನ ತೊಡೆ ಮೇಲಿಟ್ಟು, “ನೀನೇ ಓದಮ್ಮ, ನನಗೆ ಬಾಡಿಗೆ ಪುಟ ಒಂದನ್ನೇ ಓದಿ ಹೇಳಿದ್ದರು” ಅಂದರು.

9ನೇ ಪುಟದಲ್ಲಿದೆ. ಸದ್ದು, ನೆರಳು, ಕಂಪನ ಯಾವುದರ ಬಗ್ಗೆಯೂ ಮುಂದೆ ತಕರಾರು ಮಾಡುವುದಿಲ್ಲ ಅಂತ ಒಪ್ಪಿ ಸಹಿ ಹಾಕಿದ್ದಾರೆ. ಸರ್ವೇಯರ್ ಸರ್, ಕೆಲಸ ಇನ್ನೂ ಶುರುವಾಗಿಲ್ಲ. ಇದನ್ನು ಬದಲಾಯಿಸಲು ಆಗುತ್ತಾ? ಹೆಸರು ಮುಚ್ಚಿ ಆ ಪುಟದ ಫೋಟೋ ಹಾಕಲಾ?